ಮೂಲೆಯಲ್ಲಿ ಕಂಬವಿಲ್ಲದ ಕಾರ್ಖಾನೆ

ಜರ್ಮನಿ ಸ್ಟಡಿ ಟೂರ್‌ನಲ್ಲಿ ಒಂದೇ ದಿನ ಬಿಡುವಿದೆ, ಫಾಗುಸ್ ಕಾರ್ಖಾನೆಗೆ ಹೋಗಬಹುದೇ, ಹೋದರೆ ಏನು ನೋಡಬೇಕು ಅಂತ ಕೇಳಿದ್ದೀರಿ. ಖಂಡಿತ ಹೋಗಿ. ನಾನು ಹುಬ್ಬಳ್ಳಿಯವಳು, ಪುಣೆಯಲ್ಲಿ ಆರ್ಕಿಟೆಕ್ಚರ್ ಓದುವಾಗ ನೋಡಿ ಬಂದೆ. ಹ್ಯಾನೋವರ್‌ನಿಂದ ದಕ್ಷಿಣಕ್ಕೆ ರೈಲು ಹಿಡಿದು ಆಲ್‌ಫೆಲ್ಡ್‌ನಲ್ಲಿ ಇಳಿದರಾಯಿತು, ಕಟ್ಟಡ ಹಳಿಯ ಪಕ್ಕದಲ್ಲೇ ಇದೆ.

ಬೂಟು ತಯಾರಿಸಲು ಬೇಕಾದ ಮರದ ಪಾದದಚ್ಚುಗಳಿಗಾಗಿ ಕಾರ್ಲ್ ಬೆನ್‌ಶೈಟ್ ಕಟ್ಟಿಸಿದ್ದು. ಹಳಿಯಾಚೆಯ ಕಾರ್ಖಾನೆಯಲ್ಲಿ ದುಡಿದು, ಅಲ್ಲಿಂದ ಹೊರಬಂದು ಅದರ ಎದುರಿಗೇ ಕಟ್ಟಿಸಿದರು. 1911ರಲ್ಲಿ ಇದರ ವಿನ್ಯಾಸದ ಕೆಲಸ ಹಿಡಿದ ವಾಸ್ತುಶಿಲ್ಪಿಗಳಾದ ವಾಲ್ಟರ್ ಗ್ರೋಪಿಯಸ್, ಅಡಾಲ್ಫ್ ಮೇಯರ್ ಇಬ್ಬರೂ ಆಗ ಚಿಕ್ಕ ವಯಸ್ಸಿನವರು. 2011ರಲ್ಲಿ ಕಾರ್ಖಾನೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಮೊದಲು ಮೂಲೆಗೆ ಹೋಗಿ. ಅಲ್ಲಿ ಕಂಬವೇ ಇಲ್ಲ, ಗಾಜಿಗೆ ಗಾಜು ಸೇರುತ್ತದೆ. ಆಮೇಲೆ ಗೋಡೆಗೆ ತೀರಾ ಹತ್ತಿರ ನಿಂತು ತಲೆಯೆತ್ತಿ ನೋಡಿ. ಹಳದಿ ಇಟ್ಟಿಗೆಯ ಕಂಬಗಳು ಮೇಲೆ ಹೋದಂತೆ ತುಸು ಒಳಕ್ಕೆ ವಾಲಿವೆ, ಗಾಜು ಮಾತ್ರ ಗಾರೆಯವರು ತೂಗುಗುಂಡು ಇಳಿಬಿಟ್ಟು ನಿಲ್ಲಿಸಿದ ಹಾಗೆ ನೆಟ್ಟಗಿದೆ. ಅದಕ್ಕೇ ಗಾಜಿನ ಪರದೆಯನ್ನು ಮೇಲಿನಿಂದ ಇಳಿಬಿಟ್ಟಂತೆ ಕಾಣುತ್ತದೆ. ಯಾವ ಫೋಟೊದಲ್ಲೂ ನನಗೆ ಇದು ತಿಳಿದಿರಲಿಲ್ಲ. ಪಕ್ಕದಿಂದ ಒಂದು ಸೆಕ್ಷನ್, ಅಂದರೆ ಗೋಡೆಯನ್ನು ಅಡ್ಡಕ್ಕೆ ಸೀಳಿದಂತೆ ತೋರಿಸುವ ಚಿತ್ರ, ಕೈಯಲ್ಲೇ ಬರೆದುಕೊಳ್ಳಿ, ಆಗ ಮನಸ್ಸಿನಲ್ಲಿ ನಿಲ್ಲುತ್ತದೆ.

ಹೊರಡುವ ಮುಂಚೆ, ಹೋಲಿಸಿ ನೋಡಲು, ಮುಂಬಯಿಯ ಪರೇಲ್ ಕಡೆ ಉಳಿದಿರುವ ಹಳೇ ಮಿಲ್ ಶೆಡ್‌ಗಳನ್ನೂ ಒಮ್ಮೆ ನೋಡಿ. ಗರಗಸದ ಹಲ್ಲಿನಂಥ ಚಾವಣಿಯಿಂದ ಉತ್ತರದ ಬೆಳಕು ಇಳಿಯುತ್ತದೆ. ಫಾಗುಸ್‌ನ ಮುಖ್ಯ ಕಟ್ಟಡದಲ್ಲಿ ಬೆಳಕು ಗೋಡೆಯಿಂದಲೇ ಬರುತ್ತದೆ.