ನಾರ್ವೆಯ ಟ್ರೊಮ್ಸೊದ ಚಳಿಗಾಲದ ಸಂಗೀತೋತ್ಸವಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಖಂಡಿತ ಕರೆದುಕೊಂಡು ಹೋಗಿ. ನಾನು ಓಸ್ಲೋದಲ್ಲಿ ಕೆಲಸದಲ್ಲಿದ್ದೇನೆ. ನೀವು ಕೇಳಿರುವ ನಾರ್ದರ್ನ್ ಲೈಟ್ಸ್ ಫೆಸ್ಟಿವಲ್‌ಗೆ ಎರಡು ಸಲ ಹೋಗಿಬಂದಿದ್ದೇನೆ. ಎರಡನೇ ಸಲ ಮೈಸೂರಿನಿಂದ ಅಮ್ಮನೂ ಬಂದಿದ್ದರು. ನಿಮ್ಮ ತಾಯಿಗೆ 62 ಅಂದಿದ್ದೀರಿ, ನನ್ನಮ್ಮನಿಗೆ ಆಗ 66.

ಮೊದಲು ಚಳಿಯ ವಿಷಯ. ಟ್ರೊಮ್ಸೊ ಆರ್ಕ್ಟಿಕ್ ವೃತ್ತಕ್ಕಿಂತ ಸುಮಾರು 350 ಕಿ.ಮೀ. ಉತ್ತರಕ್ಕಿದೆ. ಆದರೆ ಅಟ್ಲಾಂಟಿಕ್‌ನ ಬೆಚ್ಚಗಿನ ನೀರು ಆ ಕರಾವಳಿಯುದ್ದಕ್ಕೂ ಹರಿಯುತ್ತದೆ. ಹಾಗಾಗಿ ನಾವು ಹೆದರುವಷ್ಟು ಚಳಿ ಇರುವುದಿಲ್ಲ. ನಾವಿದ್ದ ದಿನಗಳಲ್ಲಿ ಹೆಚ್ಚಾಗಿ ಮೈನಸ್ 3, ಮೈನಸ್ 6 ಹೀಗೆ ಇತ್ತು. ಮೈಗೆ ತಾಗುವ ಒಳಬಟ್ಟೆ ಮಾತ್ರ ಉಣ್ಣೆಯದೇ ಇರಲಿ, ಹತ್ತಿಯದು ಬೇಡ. ಹತ್ತಿ ಬೆವರು ಕುಡಿದು ಹಾಗೇ ತಣ್ಣಗೆ ಕೂರುತ್ತದೆ.

ನಿಜವಾಗಿ ಹೆದರಬೇಕಾದ್ದು ನೆಲಕ್ಕೆ. ಹಿಮ ಕರಗಿ ಮತ್ತೆ ಗಟ್ಟಿಯಾದರೆ ಫುಟ್‌ಪಾತ್ ಗಾಜಿನ ಹಾಗಾಗುತ್ತದೆ. ಮೊದಲ ಸಲ ಹೋದಾಗ ಎರಡನೇ ದಿನವೇ ಜಾರಿ ಬಿದ್ದು ನನ್ನ ಮಣಿಕಟ್ಟು ಉಳುಕಿತ್ತು. ಶೂ ಕೆಳಗೆ ಸಿಕ್ಕಿಸುವ ಮೊಳೆಯ ರಬ್ಬರ್ ಪಟ್ಟಿ ಸಿಗುತ್ತದೆ, ಅಲ್ಲಿಯವರು ಬ್ರೊಡ್ಡರ್ ಅನ್ನುತ್ತಾರೆ. ಊರು ತಲುಪಿದ ಕೂಡಲೇ ಅಮ್ಮನಿಗೆ ಒಂದು ಜೊತೆ, ನಿಮಗೊಂದು ಜೊತೆ ಕೊಂಡುಕೊಳ್ಳಿ. ಒಳಗೆ ಹೋಗುವಾಗ ಬಿಚ್ಚಿಡಬೇಕು. ಅಮ್ಮ ಪ್ರತಿ ಬಾಗಿಲಲ್ಲೂ ನನ್ನ ಭುಜ ಹಿಡಿದು ನಿಲ್ಲುತ್ತಿದ್ದರು, ನಾನು ಬಗ್ಗಿ ಬಿಚ್ಚುತ್ತಿದ್ದೆ.

ಸಂಗೀತ ಕಚೇರಿ ಮತ್ತು ಅರೋರಾ, ಅಂದರೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು, ಎರಡೂ ಸಿಗುತ್ತದಾ ಅಂತ ಕೇಳಿದ್ದೀರಿ. ಸಿಗಬಹುದು. ಆದರೆ ಎರಡಕ್ಕೂ ಬೇಕಾಗುವುದು ಅದೇ ಸಂಜೆ. ಅರೋರಾ ತೋರಿಸುವ ಬಸ್ಸುಗಳು ಸಂಜೆ ಹೊರಟು ಮೋಡವಿಲ್ಲದ ಜಾಗ ಹುಡುಕಿಕೊಂಡು ಹೋಗುತ್ತವೆ, ಕೆಲವು ಸಲ ಫಿನ್‌ಲ್ಯಾಂಡ್ ಗಡಿವರೆಗೂ. ವಾಪಸ್ ಬರುವುದು ನಡುರಾತ್ರಿ ದಾಟಿದ ಮೇಲೆ. ಒಂದೇ ಒಂದು ರಾತ್ರಿ ಅದಕ್ಕೆ ಕೊಡಿ, ಮಿಕ್ಕ ಸಂಜೆಗಳನ್ನು ಸಂಗೀತಕ್ಕೆ ಇಟ್ಟುಕೊಳ್ಳಿ. ಎಷ್ಟೋ ಜನ ಅರೋರಾಕ್ಕೆಂದು ಬಂದು, ಟೈಮ್ ಉಳಿದರೆ ಒಂದು ಕಚೇರಿ ಕೇಳುತ್ತಾರೆ. ನನಗೆ ಅದು ತಪ್ಪು ಲೆಕ್ಕ ಅನಿಸುತ್ತದೆ. ಮೋಡ ಕವಿದರೆ ಆಕಾಶದಲ್ಲಿ ಏನೂ ಕಾಣುವುದಿಲ್ಲ, ಸಂಗೀತಕ್ಕೆ ಆ ತೊಂದರೆ ಇಲ್ಲವಲ್ಲ.

ಈ ಉತ್ಸವ 1988ರಿಂದ ನಡೆಯುತ್ತಿದೆ. ಅದು ನಡೆಯುವ ಜನವರಿ ಕೊನೆಯ ಕಾಲವೇ ವಿಶೇಷ. ನವೆಂಬರ್ ಕೊನೆಯಿಂದ ಅಲ್ಲಿ ಸೂರ್ಯ ಮೇಲೆ ಬರುವುದೇ ಇಲ್ಲ. ಜನವರಿ 21ರ ಸುಮಾರಿಗೆ ಬೆಟ್ಟದ ಹಿಂದಿನಿಂದ ಮತ್ತೆ ಮುಖ ತೋರಿಸುತ್ತಾನೆ, ಊರವರೆಲ್ಲ ಸಿಹಿ ಬನ್ ತಿಂದು ಸಂಭ್ರಮಿಸುತ್ತಾರೆ. ನೀವು ಹೋಗುವ ಹೊತ್ತಿಗೆ ದಿನಕ್ಕೆ ನಾಲ್ಕೈದು ಗಂಟೆ ಬೆಳಕು ಇರುತ್ತದೆ. ಆಮೇಲೆ ಹಿಮವೆಲ್ಲ ನೀಲಿಯಾಗಿ ಕಾಣುವ ಹೊತ್ತು. ಆ ನೀಲಿಯಲ್ಲಿ ನಡೆದು ಕಚೇರಿಗೆ ಹೋಗುವುದನ್ನು ನಾನು ಇವತ್ತಿಗೂ ನೆನಪಿಸಿಕೊಳ್ಳುತ್ತೇನೆ.

ಸೇತುವೆ ಆಚೆಗಿನ ಆರ್ಕ್ಟಿಕ್ ಕ್ಯಾಥೆಡ್ರಲ್‌ನಲ್ಲಿ ಒಂದಾದರೂ ಕಚೇರಿ ಕೇಳಿ. 1965ರಲ್ಲಿ ಕಟ್ಟಿದ ಬಿಳಿ ತ್ರಿಕೋನದ ಚರ್ಚ್ ಅದು. ನಾವು ಅರ್ಧ ಗಂಟೆ ಮುಂಚೆಯೇ ಹೋಗಿ ಕೂತಿದ್ದೆವು. ಪಕ್ಕದಲ್ಲಿ ಒಬ್ಬ ಅಜ್ಜಿ ಬಟ್ಟೆಚೀಲದಿಂದ ಒಳಗೆ ಹಾಕುವ ಶೂ ತೆಗೆದು, ಒದ್ದೆ ಬೂಟು ಬಿಚ್ಚಿ ಬೆಂಚಿನಡಿ ಜೋಡಿಸಿಟ್ಟರು. ಅಮ್ಮನ ಕಾಲು ನೋಡಿ ತಮ್ಮ ಚೀಲದಿಂದ ಒಂದು ಜೊತೆ ದಪ್ಪ ಕಾಲುಚೀಲ ಕೊಟ್ಟರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ. ಅಮ್ಮ ಆ ಕಾಲುಚೀಲ ಹಾಕಿಕೊಂಡೇ ಇಡೀ ಕಚೇರಿ ಕೇಳಿದರು.

ಕೆಲವು ವಿಷಯ ಬೇಗ ಹೇಳಿಬಿಡುತ್ತೇನೆ. ಟ್ರೊಮ್ಸೊಗೆ ರೈಲಿಲ್ಲ, ಓಸ್ಲೋದಿಂದ ವಿಮಾನದಲ್ಲಿ ಎರಡು ಗಂಟೆಯೊಳಗಿನ ದಾರಿ. ಜನವರಿ, ಫೆಬ್ರವರಿ ಅಲ್ಲಿ ಟೂರಿಸ್ಟ್ ಸೀಸನ್, ರೂಮು ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಆದರೆ ಇನ್ನೂ ಒಳ್ಳೆಯದು. ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ ತಗೊಂಡು ಹೋಗಿ. ಭಾನುವಾರ ದೊಡ್ಡ ಅಂಗಡಿಗಳು ಹೆಚ್ಚಿನವು ಮುಚ್ಚಿರುತ್ತವೆ.

ಇನ್ನೊಂದು ಮುಖ್ಯ. ಸಾಮಿ ಜನ ಆ ಉತ್ತರದ ಮೂಲ ನಿವಾಸಿಗಳು. ಅವರ ಹಾಡುಗಾರಿಕೆಗೆ ಯೊಯಿಕ್ ಅನ್ನುತ್ತಾರೆ. ಮಿಷನರಿಗಳು ಅದನ್ನು ಪಾಪ ಅಂತ ಬಹಳ ಕಾಲ ಅದುಮಿಟ್ಟಿದ್ದರು. ಎಷ್ಟೋ ಯೊಯಿಕ್‌ಗಳಲ್ಲಿ ಮಾತೇ ಇರುವುದಿಲ್ಲ, ಇದ್ದರೂ ಕಡಿಮೆ. ಒಬ್ಬ ಮನುಷ್ಯನ ಬಗ್ಗೆ ಹಾಡುವುದಲ್ಲ, ಆ ಮನುಷ್ಯನನ್ನೇ ಹಾಡುವುದು ಅಂತ ಅವರು ಹೇಳುತ್ತಾರೆ. ಊರಿನ ಒಂದು ಸಣ್ಣ ಹಾಲ್‌ನಲ್ಲಿ ನಾವು ಕೇಳಿದೆವು. ಹೆಂಗಸೊಬ್ಬರು ತೀರಿಹೋದ ತಮ್ಮ ಅಜ್ಜನ ಯೊಯಿಕ್ ಹಾಡಿದರು, ಪಕ್ಕವಾದ್ಯ ಏನೂ ಇರಲಿಲ್ಲ. ಒಂದೇ ಸಣ್ಣ ಸ್ವರಸಂಚಾರ, ಮತ್ತೆ ಮತ್ತೆ, ಪ್ರತಿ ಸಲ ಸ್ವಲ್ಪ ಬೇರೆ. ನಲವತ್ತು ವರ್ಷ ಸಂಗೀತ ಪಾಠ ಹೇಳಿದ ಅಮ್ಮನ ಬೆರಳು ತೊಡೆಯ ಮೇಲೆ ತಾಳ ಹುಡುಕುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ನಿಂತಿತು. ಸುಮ್ನೆ ಕೂತು ಕೇಳಿದರು. ರೂಮಿಗೆ ಬಂದ ಮೇಲೆ, “ನಿಮ್ಮ ತಾತನನ್ನು ಹೇಗೆ ಹಾಡಬಹುದು?” ಅಂತ ಕೇಳಿದರು.

ಕಾರ್ಯಕ್ರಮ ಪಟ್ಟಿಯಲ್ಲಿ ಯೊಯಿಕ್ ಅನ್ನು ಇಂಗ್ಲಿಷಿನ ಜೆ ಅಕ್ಷರದಿಂದ ಬರೆದಿರುತ್ತಾರೆ. ಕಂಡರೆ ಮೊದಲು ಅದರ ಟಿಕೆಟ್ ತಗೊಳ್ಳಿ. ಫೆಬ್ರವರಿ 6 ಸಾಮಿ ರಾಷ್ಟ್ರೀಯ ದಿನ, ಆಗುವುದಾದರೆ ಅಲ್ಲಿವರೆಗೂ ಉಳಿದುಕೊಳ್ಳಿ.