ತಪ್ಪಿಲ್ಲದೆ ಓದುತ್ತಾಳೆ, ಆದರೆ ಬಲು ನಿಧಾನ

ಪ್ರಶ್ನೆ: ನಾನು ಹಾಸನದವಳು, ಪತಿ ಮೆಕ್ಸಿಕೋದ ಮಾಂಟೆರೇ ಊರಿನವರು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿದ್ದೇವೆ. ಮಗಳಿಗೆ ಎಂಟು ವರ್ಷ, ಮೂರನೆಯ ತರಗತಿ. ಅಪ್ಪ, ಅಜ್ಜಿಯೊಂದಿಗೆ ಸ್ಪ್ಯಾನಿಷ್ ಆಡುತ್ತಾಳೆ, ನನ್ನೊಂದಿಗೆ ಕನ್ನಡ. ಶಾಲೆಯಲ್ಲಿ ಸ್ಪ್ಯಾನಿಷ್, ಇಂಗ್ಲಿಷ್ ಎರಡರಲ್ಲೂ ಪಾಠ. ಇಂಗ್ಲಿಷ್ ಓದಿನಲ್ಲಿ ತೀರಾ ಹಿಂದಿದ್ದಾಳೆ. ಡಿಸ್ಲೆಕ್ಸಿಯಾ, ಅಂದರೆ ಪದಗಳನ್ನು ಓದಲು, ಬರೆಯಲು ಕಲಿಯುವುದೇ ಕಷ್ಟವಾಗುವ ತೊಂದರೆ, ಇರಬಹುದೇ ಎಂದು ಕೇಳಿದ್ದಕ್ಕೆ ಶಿಕ್ಷಕರೊಬ್ಬರು, “ಸ್ಪ್ಯಾನಿಷ್ ತಪ್ಪಿಲ್ಲದೆ ಓದುತ್ತಾಳಲ್ಲ? ಇದು ಮೂರು ಭಾಷೆಗಳ ಗೊಂದಲ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ” ಎಂದರು. ಅವಳ ಸ್ಪ್ಯಾನಿಷ್ ನೋಟ್‌ಬುಕ್ಕಿನ ಎರಡು ಪುಟ ಕಳಿಸಿದ್ದೇನೆ. ಕನ್ನಡ ನಿಲ್ಲಿಸಬೇಕೆ?
– ಹೆಸರು ಬೇಡ

ಉತ್ತರ: ಬೇಡ. ಕನ್ನಡವನ್ನೂ ನಿಲ್ಲಿಸಬೇಡಿ, ಅಜ್ಜಿಯ ಸ್ಪ್ಯಾನಿಷನ್ನೂ ನಿಲ್ಲಿಸಬೇಡಿ. ಎರಡು ಮೂರು ಭಾಷೆ ಆಡುವುದರಿಂದ ಯಾವ ಮಗುವಿಗೂ ಡಿಸ್ಲೆಕ್ಸಿಯಾ ಬರುವುದಿಲ್ಲ. ಮೊಮ್ಮಗಳ ಬಾಯಿಂದ ಅಜ್ಜಿಯ ಮಾತನ್ನೇ ಕಸಿದುಕೊಳ್ಳುವ ಈ ಸಲಹೆಯನ್ನು ಓದಿ ನನಗೆ ಸಂಕಟವಾಯಿತು, ಸಿಟ್ಟೂ ಬಂತು.

ಟೆಕ್ಸಾಸ್‌ನ ಗಡಿಯೂರಿನ ಶಾಲೆಯೊಂದರಲ್ಲಿ ನಾನು ಕೆಲವು ವರ್ಷ ವಾಕ್ ಚಿಕಿತ್ಸಕಿಯಾಗಿದ್ದೆ. ಮೊದಲ ದಿನ ತರಗತಿಯೊಳಗೆ ಕಾಲಿಟ್ಟಾಗ ಮಕ್ಕಳು ಒಕ್ಕೊರಲಿನಿಂದ “ಮಾ, ಮೆ, ಮಿ, ಮೊ, ಮು” ಎನ್ನುತ್ತಿದ್ದರು. ನಮ್ಮ ಕಾಗುಣಿತವೇ! ಸ್ಪ್ಯಾನಿಷ್‌ನಲ್ಲಿ ಬರೆದಂತೆ ಓದಿದರೆ ಬಹುಮಟ್ಟಿಗೆ ಸರಿಯೇ ಆಗುತ್ತದೆ. ಯುರೋಪಿನ 13 ಭಾಷೆಗಳ ಮಕ್ಕಳನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ತರಗತಿಯ ಕೊನೆಗೆ ಸ್ಪ್ಯಾನಿಷ್ ಮಕ್ಕಳು ಪರಿಚಿತ ಪದಗಳಲ್ಲಿ ನೂರಕ್ಕೆ ಸುಮಾರು 95ನ್ನು ಸರಿಯಾಗಿ ಓದಿದ್ದರು. ಇಂಗ್ಲಿಷ್ ಕಲಿಯುತ್ತಿದ್ದ ಸ್ಕಾಟ್ಲೆಂಡಿನ ಮಕ್ಕಳು ಓದಿದ್ದು 34.

ಹೀಗಾಗಿ ಸ್ಪ್ಯಾನಿಷ್‌ನಲ್ಲಿ ಡಿಸ್ಲೆಕ್ಸಿಯಾ ತಪ್ಪಾಗಿ ಓದುವುದಕ್ಕಿಂತ ಹೆಚ್ಚಾಗಿ ನಿಧಾನವಾಗಿ ಓದುವುದರಲ್ಲಿ ಕಾಣಿಸಿಕೊಳ್ಳುತ್ತದೆ. ನನ್ನ ಬಳಿ ಬರುತ್ತಿದ್ದ ಒಬ್ಬ ಹುಡುಗ ‘ಮರಿಪೋಸಾ’ ಎಂಬ ಪದದ ಕೆಳಗೆ ಬೆರಳೂರಿ, ಉಗುರು ಬೆಳ್ಳಗಾಗುವಷ್ಟು ಒತ್ತಿ, “ಮ... ರಿ... ಪೋ... ಸಾ” ಎನ್ನುತ್ತಿದ್ದ. ಒಂದು ಅಕ್ಷರವೂ ತಪ್ಪಿಲ್ಲ. ಸಾಲು ಮುಗಿಯುವಷ್ಟರಲ್ಲಿ ಅದು ಚಿಟ್ಟೆಯ ಕಥೆ ಎಂಬುದೇ ಅವನಿಗೆ ಮರೆತುಹೋಗಿರುತ್ತಿತ್ತು. ತಪ್ಪನ್ನಷ್ಟೇ ಎಣಿಸುವ ಪರೀಕ್ಷೆಯಲ್ಲಿ ಇಂಥ ಮಗು ಪಾಸಾಗಿಬಿಡುತ್ತದೆ.

ಈಗ ನೀವು ಕಳಿಸಿದ ಪುಟಗಳು. ಹಸು ಎಂಬರ್ಥದ ‘ಬಾಕಾ’ವನ್ನು ವಿ ಬದಲು ಬಿ ಅಕ್ಷರದಿಂದ ಬರೆದಿದ್ದಾಳೆ, ಸಹೋದರ ಎಂಬರ್ಥದ ‘ಎರ್ಮಾನೊ’ದ ಮೊದಲಿಗಿರುವ ಎಚ್ ಬಿಟ್ಟಿದ್ದಾಳೆ. ಚಿಂತೆ ಬೇಡ, ಸ್ಪ್ಯಾನಿಷ್‌ನಲ್ಲಿ ಆ ಬಿ, ವಿಗಳ ಸದ್ದು ಒಂದೇ, ಎಚ್‌ಗೆ ಸದ್ದೇ ಇಲ್ಲ. ಎಲ್ಲ ಮಕ್ಕಳೂ ಇಲ್ಲಿ ಎಡವುತ್ತಾರೆ. ಅಂಚಿನಲ್ಲಿ ‘ಹ್ಯಾಟ್’ ಎಂಬ ಇಂಗ್ಲಿಷ್ ಪದವನ್ನು ಜೆ ಅಕ್ಷರದಿಂದ ಶುರುಮಾಡಿದ್ದಾಳೆ. ಅದೂ ದೋಷವಲ್ಲ, ಸ್ಪ್ಯಾನಿಷ್ ಜೆಗೆ ಹಕಾರದಂಥ ಸದ್ದಿದೆ.

ನನ್ನ ಕಣ್ಣು ನಿಂತದ್ದು ಬೇರೆ ಕಡೆ. ‘ಪ್ಲಾತೊ’ ಮೂರು ಸಲ ‘ಪಾತೊ’ ಆಗಿದೆ. ತಟ್ಟೆ ಹೋಗಿ ಬಾತುಕೋಳಿ ಬಂದಿದೆ! ರೈಲು ಎಂಬರ್ಥದ ‘ತ್ರೆನ್’ ಎಂಬುದು ‘ತೆನ್’ ಆಗಿದೆ. ನಮ್ಮ ಮಕ್ಕಳು ಒತ್ತಕ್ಷರ ನುಂಗುವಂತೆ ಇಲ್ಲಿ ಎರಡನೆಯ ವ್ಯಂಜನ ಬಿದ್ದುಹೋಗಿದೆ. ಮೂರನೆಯ ತರಗತಿಯಲ್ಲೂ ಇದು ಮತ್ತೆ ಮತ್ತೆ ಬರುತ್ತಿದ್ದರೆ ಪರೀಕ್ಷೆ ಮಾಡಿಸಲೇಬೇಕು. ಎರಡು ಪುಟ ನೋಡಿ ಡಿಸ್ಲೆಕ್ಸಿಯಾ ಎಂದು ನಾನು ಹೇಳಲಾರೆ. ಇದು ವಂಶದಲ್ಲಿ ಹರಿದುಬರುವುದುಂಟು. ಎರಡೂ ಕಡೆಯವರಲ್ಲಿ ಓದಲು ಕಷ್ಟಪಟ್ಟವರಿದ್ದರೇ ಎಂದು ವಿಚಾರಿಸಿ.

ಶಾಲೆಗೆ ಬಾಯಿಮಾತಿನಲ್ಲಿ ಹೇಳಬೇಡಿ, ಪತ್ರ ಬರೆಯಿರಿ. ದಿನಾಂಕ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ. ಟೆಕ್ಸಾಸ್‌ನಲ್ಲಿ ಇಂಥ ಲಿಖಿತ ಕೋರಿಕೆಗೆ 15 ಶಾಲಾ ದಿನಗಳೊಳಗೆ ಉತ್ತರ ಕೊಡಬೇಕು. ಸ್ಪ್ಯಾನಿಷ್, ಇಂಗ್ಲಿಷ್ ಎರಡರಲ್ಲೂ ಪರೀಕ್ಷಿಸಿ, ಓದಿನ ವೇಗವನ್ನೂ ಅಳೆಯಿರಿ ಎಂದು ಸ್ಪಷ್ಟವಾಗಿ ಬರೆಯಿರಿ. ಇಂಗ್ಲಿಷ್ ಸಾಲದು ಎಂಬ ಒಂದೇ ಕಾರಣಕ್ಕೆ ಮಗುವಿಗೆ ನ್ಯೂನತೆಯ ಹಣೆಪಟ್ಟಿ ಹಚ್ಚುವಂತಿಲ್ಲ ಎಂದು ಅಮೆರಿಕದ ವಿಶೇಷ ಶಿಕ್ಷಣ ಕಾಯ್ದೆ ಹೇಳುತ್ತದೆ. ಇಂಗ್ಲಿಷ್ ಬರಲಿ, ಆಮೇಲೆ ನೋಡೋಣ ಎಂದು ವರ್ಷಗಟ್ಟಲೆ ಕಾಯಿಸುವುದೂ ಅಷ್ಟೇ ಅನ್ಯಾಯ. ಕಿಂಡರ್‌ಗಾರ್ಟನ್ ಮತ್ತು ಒಂದನೆಯ ತರಗತಿಯಲ್ಲಿ ಡಿಸ್ಲೆಕ್ಸಿಯಾ ತಪಾಸಣೆ ಟೆಕ್ಸಾಸ್‌ನಲ್ಲಿ ಕಡ್ಡಾಯ. ನಿಮ್ಮ ಮಗಳ ಆ ಫಲಿತಾಂಶಗಳನ್ನೂ ಕೇಳಿ ಪಡೆಯಿರಿ.

ಅಲ್ಲಿಯವರೆಗೆ ಅಜ್ಜಿಗೆ ಒಂದು ಕೆಲಸ ಕೊಡಿ. ಮಾತಿನ ಸದ್ದುಗಳನ್ನು ಸ್ಪ್ಯಾನಿಷ್‌ನಲ್ಲಿ ಬಿಡಿಸಬಲ್ಲ ಮಗುವಿಗೆ ಇಂಗ್ಲಿಷ್ ಪದ ಓದಲೂ ಅದು ನೆರವಾಗುತ್ತದೆ; 1993ರಷ್ಟು ಹಿಂದೆಯೇ ಸಂಶೋಧಕರು ಇದನ್ನು ಕಂಡಿದ್ದಾರೆ. ಊಟಕ್ಕೆ ಕುಳಿತಾಗ ಅಜ್ಜಿ ತಟ್ಟೆ ತೋರಿಸಿ ಕೇಳಲಿ: “ಪ್ಲಾತೊದಿಂದ ಲಕಾರ ತೆಗೆದರೆ ಏನಾಯಿತು?” ಮೊಮ್ಮಗಳು “ಪಾತೊ” ಎಂದು ನಕ್ಕ ಮೇಲೆ, ಆ ಲಕಾರವನ್ನು ವಾಪಸು ಹಾಕಿಸಲಿ. ದಿನಕ್ಕೆ ಐದು ನಿಮಿಷ ಸಾಕು. ಕನ್ನಡದಲ್ಲಿ ನೀವೂ ‘ಪ್ರಾಣಿ’ಯಿಂದ ರಕಾರ ತೆಗೆಸಿ ನೋಡಿ. ಶಾಲೆಯ ವರದಿ ಬಂದ ಕೂಡಲೇ ಎರಡೂ ಭಾಷೆಗಳ ಅಂಕಗಳನ್ನು ನನಗೆ ಬರೆದು ಕಳಿಸಿ.