ಮುಂಗಾಲು ನೆಟ್ಟಗಿರುವ ಕುದುರೆ ಮಲ್ಪೆಗೆ ಸರಿಯೇ?

ಮಲ್ಪೆ ಕಡಲತೀರದ ಸವಾರಿಗೆಂದು ನೀವು ನೋಡಿಟ್ಟಿರುವ ಕುದುರೆಯ ಮುಂಗಾಲು ಗೊರಸಿನ ಮೇಲ್ಭಾಗದಲ್ಲಿ ತೀರಾ ನೆಟ್ಟಗಿದೆ, ತೊಂದರೆಯೇ ಎಂದು ಕೇಳಿದ್ದೀರಿ. ಹೌದು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕುದುರೆಯ ಭಾರದ ಸುಮಾರು ಶೇ. 60ರಷ್ಟು ಬೀಳುವುದು ಮುಂಗಾಲುಗಳ ಮೇಲೆಯೇ. ಗೊರಸಿಗೂ ಅದರ ಮೇಲಿನ ಕೀಲಾದ ಗೆಣ್ಣಿಗೂ ನಡುವಿನ ಇಳಿಜಾರು ಹೆಜ್ಜೆಯ ಹೊಡೆತವನ್ನು ತಗ್ಗಿಸುತ್ತದೆ. ಅದು ನೆಟ್ಟಗಿದ್ದರೆ ಹೊಡೆತ ಕೀಲಿಗೂ ಗೊರಸಿನೊಳಗಿನ ಮೂಳೆಗೂ ತಾಗುತ್ತದೆ. ದಿನವೂ ಕಾಂಕ್ರೀಟ್ ರಸ್ತೆಯಲ್ಲಿ ನಡೆಸಿ ತರುವುದಾದರೆ ಖಂಡಿತ ಬೇಡ.

ಮರಳು ಮೆತ್ತಗಿದೆಯಲ್ಲ ಎನ್ನಬಹುದು. ಆದರೆ ಒಣಮರಳಿನಲ್ಲಿ ಗೊರಸು ಹೂತು ಸ್ನಾಯುರಜ್ಜು (ಮಾಂಸಖಂಡವನ್ನು ಮೂಳೆಗೆ ಕಟ್ಟುವ ಗಟ್ಟಿ ನಾರು) ಜಗ್ಗುತ್ತದೆ. ಮಂಡಿಯ ಕೆಳಗೆ ಹೇಳಿಕೊಳ್ಳುವಂಥ ಮಾಂಸಖಂಡವೇ ಇಲ್ಲ, ಪಾಪ, ಎಳೆತವನ್ನೆಲ್ಲ ಆ ರಜ್ಜುಗಳೇ ತಾಳಬೇಕು. ಇಳಿತದ ಹೊತ್ತಿನ ಒದ್ದೆ, ಗಟ್ಟಿ ಮರಳೇ ವಾಸಿ.

ಕೊಳ್ಳುವ ಮೊದಲು ಗಟ್ಟಿ ನೆಲದಲ್ಲಿ ನಿಧಾನವಾಗಿ ಓಡಿಸಿ ನೋಡಿ: ತಲೆ ಮೇಲಕ್ಕೆ ಚಿಮ್ಮಿದಾಗ ಯಾವ ಮುಂಗಾಲು ನೆಲಕ್ಕೆ ಊರುತ್ತದೆಯೋ, ನೋವಿರುವುದು ಅದರಲ್ಲಿ.